ಹೊಸ ಸೊಂಟಕ್ಕೊಂದು ಪಾದಪೂಜೆ

ಸವೆದುಹೋಗಿದ್ದ ಸೊಂಟದ ಕೀಲು ತೆಗೆಸಿ ಹೊಸದು ಹಾಕಿಸಿಕೊಂಡು ನಾನು ಮೈಸೂರಿನಿಂದ ಮಿರ್ಲೆಗೆ ಬಂದ ದಿನ, ನಮ್ಮತ್ತೆ ನನ್ನ ಮುಖ ನೋಡಲಿಲ್ಲ. ಕಾರಿನ ಹಿಂದಿನಿಂದ ಇಳಿಸುತ್ತಿದ್ದ ಕಮೋಡು ಕುರ್ಚಿಯನ್ನು ನೋಡಿದರು. 'ಅದುನ್ನ ಮನೆಯೊಳಕ್ಕೆ ತತ್ತೀರಾ?' ಎಂದರು. ಎಂಬತ್ತು ದಾಟಿದ ಹೆಂಗಸು, ಈಗಲೂ ಕುಕ್ಕರಗಾಲಲ್ಲಿ ಕೂತು ಅಕ್ಕಿ ಕೇರುತ್ತಾರೆ. ನನಗಿನ್ನೂ ಅರವತ್ತು ತುಂಬಿರಲಿಲ್ಲ. ಬಂದವರಿಗೆಲ್ಲ ಅದನ್ನು ಹೇಳದೆ ಅವರು ಕಾಫಿ ಕೊಡುತ್ತಿರಲಿಲ್ಲ.

ನೋಡಲು ಬಂದವರು ಬಾಳೆಹಣ್ಣಿನ ಜೊತೆಗೆ ಒಂದೊಂದು ಸಾವನ್ನೂ ತಂದರು. ಇಂಥದೇ ಆಪರೇಷನ್ ಮಾಡಿಸಿಕೊಂಡು ಕೀವಾಗಿ ಸತ್ತವರು, ಕಾಲು ಮೋಟಾಗಿ ಮೂಲೆ ಹಿಡಿದವರು. ಕೆ.ಆರ್. ನಗರದಿಂದ ಬಂದ ನಾದಿನಿ, 'ಕಬ್ಬಿಣ ಅಲ್ವಾ ಅತ್ಗೆ, ತುಕ್ಕು ಹಿಡಿಯಕಿಲ್ವಾ?' ಎಂದಳು. 'ನಿನ್ನ ನಾಲ್ಗೇಗೆ ಹಿಡಿದಿಲ್ವಲ್ಲ, ಇದಕ್ಕೂ ಹಿಡಿಯಲ್ಲ ಬುಡು' ಎಂದೆ. ಅವಳು ಮತ್ತೆ ಬರಲಿಲ್ಲ. ಅಷ್ಟರಮಟ್ಟಿಗೆ ಲಾಭ.

ನನಗೆ ಬೇಕಾಗಿದ್ದದ್ದು ಒಂದೇ: ಯಾರ ಕೈಯನ್ನೂ ಹಿಡಿಯದೆ ನಡೆಯುವುದು. ಬಚ್ಚಲಿಗೆ ಹೋಗಬೇಕಾದರೂ ಗಂಡನನ್ನು ಕೂಗಬೇಕು, ಅವರು ಟಿವಿಯ ಮುಂದಿನಿಂದ ನಿಟ್ಟುಸಿರು ಬಿಟ್ಟು ಏಳಬೇಕು. ಆ ನಿಟ್ಟುಸಿರು ಕೇಳಿ ಕೇಳಿ ನನಗೆ ನೋವಿಗಿಂತ ಅದೇ ದೊಡ್ಡದಾಗಿತ್ತು. ಡಾಕ್ಟರು ಅವರ ಎದುರಿಗೇ ಬಿಡಿಸಿ ಹೇಳಿ ಕಳಿಸಿದ್ದರು: ನೆಲಕ್ಕೆ ಕೂರಬಾರದು, ಚಕ್ಕಂಬಕ್ಕಳ ಹಾಕಬಾರದು, ಮುಂದಕ್ಕೆ ಬಗ್ಗಬಾರದು, ಕೀಲು ಗೂಡು ಬಿಟ್ಟು ಆಚೆ ಬರುತ್ತದೆ. ನಾನು ಅದನ್ನು ಶಾಸನದ ಹಾಗೆ ಪಾಲಿಸಿದೆ. ಕಾಲುಗಳ ನಡುವೆ ದಿಂಬಿಟ್ಟುಕೊಂಡು ಅಂಗಾತ ಮಲಗಿದೆ. ಜಗಲಿಯಲ್ಲಿ ವಾಕರ್ ಹಿಡಿದು ನಡೆದೆ. ಇನ್ನೊಂದು ವಾರಕ್ಕೆ ವಾಕರ್ ಬಿಡಿಸುತ್ತೇವೆ ಎಂದಿದ್ದರು.

ಆ ವಾರದಲ್ಲೇ ಮಠದ ಅಯ್ಯನವರು ನಮ್ಮ ಕಡೆಗೆ ಬಂದರು. ವರ್ಷಕ್ಕೊಮ್ಮೆ ಬರುವವರು. ನಾನು ಗುಣವಾದದ್ದಕ್ಕೆ ಮನೆಯಲ್ಲಿ ಪಾದಪೂಜೆ ಎಂದು ಅತ್ತೆ ನನ್ನನ್ನು ಕೇಳದೆ ಹೇಳಿಕಳಿಸಿದ್ದರು. ಅಯ್ಯನವರಿಗೆ ಮಣೆ ಹಾಕಿದರು. ನಾನು ನನ್ನ ಕುರ್ಚಿಯಲ್ಲೇ ಕೂರುತ್ತೇನೆ ಎಂದೆ.

'ಗುರುಗಿಂತ ಎತ್ತರದಲ್ಲಿ ಕುಂತ್ಕಂಡು ಪಾದ ತೊಳಿಯೋದಾ?' ಎಂದರು ಅತ್ತೆ. 'ನಿನ್ನ ಕಾಲಿಗೇ ಮಾಡಿಸ್ತಿರೋ ಪೂಜೆ ಕಣವ್ವ ಇದು.'

ನಾನು ಗಂಡನ ಮುಖ ನೋಡಿದೆ. 'ಒಂದು ಗಳಿಗೆ ಕುಂತು ಎದ್ಬುಡು. ನಾನು ಇಡ್ಕತೀನಿ' ಎಂದರು. ಡಾಕ್ಟರು ಹೇಳಿದಾಗ ಹೂಂಗುಟ್ಟಿದ ಬಾಯಿ ಅದೇ. ಮನೆ ತುಂಬ ಜನ, ಎಲ್ಲರೂ ವಿಭೂತಿ ಬಳಿದುಕೊಂಡು ಕಾಯುತ್ತಿದ್ದರು. ನನ್ನ ಹಿಂದೆ ನೀರಿನ ಚೆಂಬು ಹಿಡಿದು ಓರಗಿತ್ತಿ ನಿಂತಿದ್ದಳು, ನನ್ನ ಮೈದುನನ ಹೆಂಡತಿ, ಗಟ್ಟಿಮುಟ್ಟಾದ ಹೆಂಗಸು. ಅವಳು ಚೆಂಬನ್ನು ನನ್ನ ಕೈಗೆ ಕೊಟ್ಟಳು.

ಕೂತೆ. ಗಂಡ ರಟ್ಟೆ ಹಿಡಿದು ಇಳಿಸಿದರು. ಕಾಲು ಒಂದು ಪಕ್ಕಕ್ಕೆ ಚಾಚಿಕೊಂಡು, ಹಲ್ಲು ಕಚ್ಚಿ, ಪಾದ ತೊಳೆದೆ, ಪತ್ರೆ ಏರಿಸಿದೆ. ತೀರ್ಥವೂ ಆಯಿತು. ಕೊನೆಗೆ ಪಾದಕ್ಕೆ ಹಣೆ ಮುಟ್ಟಿಸು ಎಂದರು ಅತ್ತೆ. ಬಗ್ಗಿದೆ. ಒಳಗೆ ಟಕ್ಕೆಂದಿತು. ಆಮೇಲೆ ನಾನು ಕಿರುಚಿದ್ದು ನನಗೇ ಕೇಳಿಸಿತು. ಕಾಲು ಒಳಕ್ಕೆ ತಿರುಚಿಕೊಂಡು, ನನ್ನದಲ್ಲವೆಂಬಂತೆ ಬಿದ್ದಿತ್ತು.

ಅಯ್ಯನವರು ಗಾಬರಿಯಲ್ಲಿ ಎದ್ದು ನಿಂತರು. 'ಮೊದಲೇ ಹೇಳಬಾರದಿತ್ತಾ ತಾಯಿ? ನಾನೇ ಮಂಚದ ಮೇಲೆ ಕೂರುತ್ತಿದ್ದೆನಲ್ಲ' ಎಂದರು. ಪಾಪದ ಮನುಷ್ಯ. ನಮ್ಮತ್ತೆ ಪಾದ ತೊಳೆದ ತಟ್ಟೆಯನ್ನು ನನ್ನ ಕಾಲು ತಗುಲದ ಹಾಗೆ ಆಚೆಗೆಳೆದುಕೊಂಡು, 'ಸದ್ಯ, ತೀರ್ಥ ತಕ್ಕಂಡ ಮ್ಯಾಲಾಯ್ತು' ಎಂದರು.

ಮೈಸೂರಿನವರೆಗೂ ರಸ್ತೆಯ ಪ್ರತಿ ಉಬ್ಬಿಗೂ ಆ ಮಾತು ನೆನೆದು ಅವರನ್ನು ಶಪಿಸಿದೆ. ಸಾಯಲಿ ಎಂದೇ ಶಪಿಸಿದೆ. ಈಗ ಅದನ್ನು ತಿದ್ದಿ ಹೇಳಲಾರೆ.

ಆಸ್ಪತ್ರೆಯಲ್ಲಿ ಗಂಡ, 'ಬಚ್ಚಲಲ್ಲಿ ಜಾರಿದ್ಲು ಸಾರ್' ಎಂದರು.

'ಸುಳ್ಳು. ನೆಲಕ್ಕೆ ಕೂರಿಸಿದ್ರು' ಎಂದೆ.

ಡಾಕ್ಟರು ಅವರ ಕಡೆ ತಿರುಗಿ, 'ನಿಮಗೆ ಹೇಳಿರಲಿಲ್ವಾ?' ಎಂದರು.

'ಏಳಿದ್ರಿ ಸಾರ್. ಅಯ್ಯನೋರು ವರ್ಷಕ್ಕೊಂದು ಸಲ ಬರೋದು' ಎಂದರು ನನ್ನ ಗಂಡ, ಕಾಲಾದರೆ ದಿನಾ ಸಿಗುತ್ತದೆ ಎನ್ನುವ ಧಾಟಿಯಲ್ಲಿ.

ಕೀಲನ್ನು ಎಳೆದು ಗೂಡಿಗೆ ಕೂರಿಸಲು ನೋಡಿದರು, ಕೂರಲಿಲ್ಲ. ಅದೇ ಗಾಯದ ಮೇಲೆ ಮತ್ತೆ ಕೊಯ್ದರು. ಈ ಸಲ ಎದ್ದು ನಿಂತಾಗ ಎಡಗಾಲು ಗಿಡ್ಡವಾಗಿತ್ತು. ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡಿದ್ದೇನೆ. ಊರುಗೋಲು ಬಿಟ್ಟಿಲ್ಲ, ಇನ್ನು ಬಿಡುವುದೂ ಇಲ್ಲವಂತೆ. ಬಚ್ಚಲಿಗೆ ಇವತ್ತಿಗೂ ಗಂಡನನ್ನು ಕೂಗುತ್ತೇನೆ. ಅವರು ನಿಟ್ಟುಸಿರು ಬಿಟ್ಟು ಏಳುತ್ತಾರೆ.

ಈ ವರ್ಷವೂ ಅಯ್ಯನವರು ಬಂದರು. ನಾನು ಅಡುಗೆಮನೆ ಬಾಗಿಲಿಗೆ ಒರಗಿಕೊಂಡು ನಿಂತಿದ್ದೆ. ಮಣೆಯ ಮುಂದೆ ಮೈದುನನೂ ಓರಗಿತ್ತಿಯೂ ಕೂತಿದ್ದರು. ಅಯ್ಯನವರು ಕತ್ತೆತ್ತಿ ನನ್ನನ್ನು ಹುಡುಕಿ, 'ದೊಡ್ಡ ಸೊಸೆಯವರು ಬರಲ್ವಾ?' ಎಂದು ಕೇಳಿದರು.

'ಯಾರು ಕುಂತ್ರೇನು ಬುದ್ಧಿ, ಫಲ ಮನೇಗೆಲ್ಲ ಒಂದೇ ಅಲ್ವಾ' ಎಂದರು ನಮ್ಮತ್ತೆ.