ಒಂದನೇ ರಿಮೋಟು

ಹಂಪಯ್ಯನ ಮುಂದೆ ಹೊಸ ಗೇಮುಗಳ ಮಾತು ಎತ್ತಿದಿರೋ, ಮುಗಿಯಿತು. ನಿಮ್ಮ ಚಹಾ ಆರಿ ಕೆನೆಗಟ್ಟಿದರೂ ಆಸಾಮಿ ಬಿಡುವುದಿಲ್ಲ. ಸನತ್‌ನಗರದ ಒಂದು ಶೆಡ್ಡಿನಲ್ಲಿ ಹಗಲೆಲ್ಲ ಪ್ರೆಸ್ ಮಷೀನಿನ ಮುಂದೆ ನಿಂತು ಡಬ್ಬಿಯ ಮುಚ್ಚಳ ಒತ್ತುವುದು ಅವನ ಕೆಲಸ. ನಲವತ್ತು ದಾಟಿದೆ, ಕಿವಿಯ ಹತ್ತಿರ ಕೂದಲು ನೆರೆತಿದೆ, ಹಣೆಯ ಮೇಲೆ ವಿಭೂತಿ ತಪ್ಪುವುದಿಲ್ಲ. ನೋಡಿದವರು, ಸಂಜೆಗೆ ಈತ ಭಜನೆಗೆ ಹೋಗುವವನಿರಬೇಕು ಅಂದುಕೊಳ್ಳುತ್ತಾರೆ. ಎಲ್ಲಿಯ ಭಜನೆ! ಮನೆಗೆ ಬಂದು ಕೈಕಾಲು ತೊಳೆದು ಟೀವಿಯ ಮುಂದೆ ಚಾಪೆ ಹಾಸುತ್ತಾನೆ.

"ಈಗಿನ ಗೇಮು ಗೇಮೇನ್ರಿ?" ಎಂದು ಅವನ ಪುರಾಣ ಶುರುವಾಗುತ್ತದೆ. "ರೊಕ್ಕ ಕೊಟ್ಟು ತಂದರೂ ನಮ್ಮದಲ್ಲ. ಬಾಡಿಗಿ ಮನ್ಯಾಗ ಇದ್ದಂಗ, ಮಾಲಕ ತನಗ ಬೇಕಾದಾಗ ಬಿಡಸ್ತಾನ. ಆಡಾಕ ಕುಂತರ ಅಪ್‌ಡೇಟ್ ಅಂತೈತಿ. ಹಸದು ಉಣ್ಣಾಕ ಕುಂತವಗ 'ತಡಿ, ಈಗ ಒಲಿ ಹಚ್ಚತೀನಿ' ಅಂದಂಗಾತು. ಗೊಂಬಿಗೆ ಅಂಗಿ ತೊಡಸಾಕೂ ಬ್ಯಾರೆ ರೊಕ್ಕ! ನಮ್ಮ ಕಾಲದಾಗ ಕ್ಯಾಸೆಟ್ ಹಾಕು, ಹತ್ತಲಿಲ್ಲಂದ್ರ ತಗದು ಊದು, ಮತ್ತ ಹಾಕು. ಆತು!"

ತಂತಿಯಿಲ್ಲದ ರಿಮೋಟನ್ನು ಕಂಡರೂ ಅವನಿಗೆ ಆಗದು. ಆಟ ಆಡಿಸುವ ಆ ಕೈಹಿಡಿಗೆ ಅವರ ಮನೆಯಲ್ಲಿ ಮೊದಲಿನಿಂದ ರಿಮೋಟು ಅಂತಲೇ ಹೆಸರು. "ತಂತಿ ಇದ್ದರ ತುದಿಗೆ ಯಾರ ಕೈ ಐತಿ ಅಂತ ಕಣ್ಣಿಗೆ ಕಾಣ್ತೈತಿ. ಈಗ ಯಾರ ಕೈಯೋ, ಏನ ಸುಡುಗಾಡೋ!" ಆದರೆ ಎಲ್ಲಕ್ಕಿಂತ ಅವನ ಮೈ ಉರಿಯುತ್ತಿದ್ದುದು ಇನ್ನೊಂದಕ್ಕೆ. ಹೊಸ ಆಟಗಳಲ್ಲಿ ಒಂದನೇ ಆಟಗಾರ ಎರಡನೆಯವನನ್ನು ನಡು ಆಟದಲ್ಲಿ ಹೊರಗೆ ಹಾಕಬಹುದು. ಒಂದು ಬಟನ್ ಒತ್ತಿದರೆ ಸಾಕು, ಪಾಪದವನು ಆಚೆ. "ಇದ್ಯಾವ ರೀತಿರಿ? ಉಣ್ಣಾಕ ಕರದು ತಾಟಿನ ಮುಂದಿಂದ ಎಬ್ಬಿಸಿದಂಗ. ಮನಶ್ಯಾರು ಮಾಡೋ ಕೆಲಸಲ್ಲ ಅದು" ಎಂದು ಉಗಿಯುತ್ತಿದ್ದ.

ಈ ಕೊನೆಯ ಮಾತನ್ನು ಅವನೀಗ ಆಡುವುದಿಲ್ಲ. ಯಾಕೆ ಬಿಟ್ಟ ಅನ್ನುವುದೇ ಕತೆ.

ಅವನ ಅಪ್ಪ ಲಿಂಗಸುಗೂರು ಕಡೆಯಿಂದ ಬಂದವನು, ಬೇಗಂ ಬಜಾರಿನ ಸಗಟು ಕಿರಾಣಿ ಅಂಗಡಿಯಲ್ಲಿ ತೂಕ ಹಾಕುತ್ತಿದ್ದ. ಒಂದು ದೀಪಾವಳಿಗೆ ಸೇಟು ತನ್ನ ಮಕ್ಕಳು ಆಡಿ ಬಿಟ್ಟಿದ್ದ ಟೀವಿ ಗೇಮನ್ನು ಅಪ್ಪನ ಕೈಗಿತ್ತ. ಹಂಪಯ್ಯ ಮತ್ತು ಅವನ ಬೆನ್ನಿಗೆ ಬಿದ್ದ ತಮ್ಮ ಅಮರಯ್ಯ, ಇಬ್ಬರ ಕಾಲೂ ಅವತ್ತು ನೆಲದ ಮೇಲೆ ನಿಲ್ಲಲಿಲ್ಲ. ಅದಕ್ಕೆ ಎರಡು ರಿಮೋಟು. ನೋಡಲು ಎರಡೂ ಸರಿಯೇ, ಆದರೆ ಆಟವನ್ನು ಶುರುಮಾಡುವ, ನಿಲ್ಲಿಸುವ ಬಟನ್ನು ಒಂದನೆಯದರಲ್ಲಿ ಮಾತ್ರ ಇತ್ತು. ಒಂದನೆಯದು ಅಣ್ಣನದು.

"ಅಣ್ಣಾ, ಒಂದಽ ಸಲ ಒಂದನೇದು ಕೊಡೋ" ಎಂದು ಅಮರಯ್ಯ ಗೋಗರೆಯುತ್ತಿದ್ದ.

"ದೊಡ್ಡಾವ ಆಗು, ಕೊಡತೀನಿ" ಎನ್ನುತ್ತಿದ್ದ ಹಂಪಯ್ಯ.

ತಮ್ಮ ಎಷ್ಟು ಬೆಳೆದರೂ ಅಣ್ಣನಿಗಿಂತ ದೊಡ್ಡವನಾಗುವುದುಂಟೆ? ಕೊಡುವ ಪ್ರಸಂಗವೇ ಬರಲಿಲ್ಲ.

ಮುಂದೆ ಅಮರಯ್ಯ ಲಿಫ್ಟ್ ರಿಪೇರಿ ಕಲಿತು ಮಿಯಾಪುರದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಮೇಲೆ ಕೆಳಗೆ ತಿರುಗಿದ. ಮದುವೆಯ ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದ. ಹೊಸ ಕಾಲದ ಗೇಮ್ ಮಷೀನನ್ನು ಮನೆಗೆ ತಂದವನು ಅವನೇ. ಅಣ್ಣನ ಬೈಗುಳ ಕೇಳುತ್ತಲೇ ಪೆಟ್ಟಿಗೆ ಬಿಚ್ಚಿ, ಟೀವಿಗೆ ಜೋಡಿಸಿ, ಒಂದನೇ ಆಟಗಾರನ ಜಾಗದಲ್ಲಿ ಹಂಪಯ್ಯ ಎಂದು ಹೆಸರು ಹಾಕಿದ.

"ತಂದಾವ ನೀನು. ನಿನ್ನ ಹೆಸರು ಹಾಕ್ಕೋಳಲೇ ಹುಚ್ಚಪ್ಯಾಲಿ."

"ಇರಲಿ ಬಿಡಣ್ಣಾ. ಎರಡನೇದಽ ನನಗ ರೂಢಿ ಆಗೇತಿ."

ಈ ರಿಮೋಟುಗಳೆರಡೂ ಕರಿಯವು, ಒಂದೇ ಅಚ್ಚಿನವು. ಹೊತ್ತಿಕೊಂಡಾಗ ಮಾತ್ರ ಗುರುತು ಹತ್ತುತ್ತಿತ್ತು: ಅಣ್ಣನದಕ್ಕೆ ನೀಲಿ ಬೆಳಕು, ತಮ್ಮನದಕ್ಕೆ ಕೆಂಪು.

ಇಬ್ಬರೂ ಕೂಡಿ ಒಂದೇ ಆಟ ಆಡುತ್ತಿದ್ದರು. ಪಾಳುಬಿದ್ದ ಕೋಟೆಯೊಂದರ ಒಳಗೆ ಇಬ್ಬರು ನಡೆದು ಹೋಗುತ್ತಾರೆ. ಒಂದನೆಯವನ ಕೈಯಲ್ಲಿ ಪಂಜು, ಎರಡನೆಯವನ ಕೈಯಲ್ಲಿ ಬೀಗದಕೈ. ಪ್ರತಿ ಬಾಗಿಲಿಗೂ ಇಬ್ಬರೂ ಅಂಗೈ ಒತ್ತಿದರೆ ಮಾತ್ರ ಅದು ತೆರೆಯುತ್ತದೆ. ಅಣ್ಣ ಹಿಂದೆ ಉಳಿದರೆ ಅಮರಯ್ಯ ತನ್ನ ಗೊಂಬೆಯನ್ನು ಬಾಗಿಲ ಮುಂದೆ ಕೂರಿಸಿ ಎಬ್ಬಿಸಿ ಬಸ್ಕಿ ಹೊಡೆಸುತ್ತಿದ್ದ. "ಲಗೂ ಬಾರೋ ಅಣ್ಣಾ, ನನ್ನ ಮೊಣಕಾಲು ಹೋದ್ವು!" ಎಂದು ನಗುತ್ತಿದ್ದ. ಆಡುತ್ತ ಆಡುತ್ತ ಕೊನೆಯ ಬಾಗಿಲೊಂದು ಉಳಿಯಿತು. ಅಷ್ಟರಲ್ಲಿ ಅಮರಯ್ಯನಿಗೆ ಕಾಮಣಿ ಆಯಿತು. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, ನೋಡನೋಡುತ್ತಿದ್ದಂತೆ ಹೋಗಿಯೇ ಬಿಟ್ಟ.

ಜಂಗಮರ ಮನೆತನ. ಹೆಣ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಊರ ಹೊರಗಿನ ರುದ್ರಭೂಮಿಯಲ್ಲಿ ಕುಣಿ ತೋಡಿ, ಒಳಗಿನ ಗೂಡಿನಲ್ಲಿ ಅಮರಯ್ಯನನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ಬಲಗೈ ಬರಿದಾಗಿ ತೊಡೆಯ ಮೇಲೆ ಬಿದ್ದಿತ್ತು. ಆ ಬರಿಗೈಯನ್ನು ಹಂಪಯ್ಯ ನೋಡಿದ. ಮನೆಯಿಂದ ಹೊರಡುವಾಗ ಆ ಗದ್ದಲದಲ್ಲಿ ತಮ್ಮನ ರಿಮೋಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದಿದ್ದ. ವಿಭೂತಿ ಹಾಕುವ ನೆವದಲ್ಲಿ ಬಗ್ಗಿ ಅದನ್ನು ಆ ಕೈಯಲ್ಲಿ ಸಿಗಿಸಿದ. ಮೇಲೆ ಬಿಲ್ವಪತ್ರೆ ಬಿತ್ತು, ಮಣ್ಣು ಬಿತ್ತು. ಯಾರೂ ನೋಡಲಿಲ್ಲ.

ಆಮೇಲೆ ಎಷ್ಟೋ ತಿಂಗಳು ಹಂಪಯ್ಯ ಆ ಮಷೀನಿನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ದಿನ ಫೋನಿಗೆ ಸುದ್ದಿ ಬಂತು: ಕೋಟೆಯ ಆಟವನ್ನು ನಡೆಸುವ ಕಂಪನಿಯವರು ಬರುವ ಅಮಾವಾಸ್ಯೆಯ ದಿನ ಸಂಜೆಗೆ ಅದನ್ನು ಶಾಶ್ವತವಾಗಿ ಮುಚ್ಚುತ್ತಾರಂತೆ. ಆಡಿದ್ದೆಲ್ಲ ಅವರ ಹತ್ತಿರವೇ ಇರುವುದು, ಎಲ್ಲ ಅಳಿಸಿಹೋಗುತ್ತದಂತೆ. "ನೋಡ್ರಿ, ನಾ ಹೇಳಿರಲಿಲ್ಲಾ? ಕ್ಯಾಸೆಟ್ ಇದ್ದಿದ್ದರ ಪೆಟಗ್ಯಾಗ ಇಟಗೊಂತಿದ್ದೆ" ಎಂದು ಹಲ್ಲು ಕಡಿದ. ಆದರೂ ತಮ್ಮನ ಗೊಂಬೆಯನ್ನು ಒಮ್ಮೆ ಕಣ್ಣುತುಂಬ ನೋಡಬೇಕೆನಿಸಿತು. ಭಾನುವಾರ ಮಧ್ಯಾಹ್ನ, ಹೆಂಡತಿ ಗುರುದೇವಿ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಾಗ, ಮಷೀನಿನ ಧೂಳು ಒರೆಸಿ ಚಾಲೂ ಮಾಡಿದ.

ಅವನಿನ್ನೂ ರಿಮೋಟು ಮುಟ್ಟಿರಲಿಲ್ಲ. ಹಂಪಯ್ಯ ಆಟಕ್ಕೆ ಬಂದಿದ್ದಾನೆ ಎಂದು ಪರದೆಯ ಮೇಲೆ ಅಕ್ಷರ ಮೂಡಿತು.

ಥಟ್ಟನೆ ಮನೆಯಲ್ಲಿದ್ದ ರಿಮೋಟನ್ನು ಎತ್ತಿಕೊಂಡ. ಅದು ಕೆಂಪಗೆ ಹೊತ್ತಿಕೊಂಡಿತು. ಕೆಂಪು! ಹಾಗಾದರೆ ಇದು ತಮ್ಮನದು. ಅವತ್ತು ಕುಣಿಗೆ ಹೋದದ್ದು ತನ್ನದು. ಅಡಿಗೆಮನೆಗೆ ಹೋದರೇ ಕೆಲಸ ಬಿಡುವ ರಿಮೋಟದು, ಎರಡು ದಿನ ಬಾಳುವ ಬ್ಯಾಟರಿಯಲ್ಲ. ರುದ್ರಭೂಮಿಗೆ ಹೋಗಬೇಕೆಂದರೆ ನಡುವೆ ಬಸ್ಸು ಬದಲಿಸಬೇಕು.

ಪರದೆಯ ಮೇಲೆ ಪಂಜಿನವನು ನಡೆಯುತ್ತಿದ್ದ. ಹಂಪಯ್ಯನ ಗೊಂಬೆ, ಹಂಪಯ್ಯ ನಡೆಸದೆ ನಡೆಯುತ್ತಿತ್ತು. ಕೊನೆಯ ಬಾಗಿಲಿನ ಹತ್ತಿರ ನಿಂತು, ಹಿಂದಿರುಗಿ ನೋಡಿ, ಕೂತಿತು, ಎದ್ದಿತು. ಮತ್ತೆ ಕೂತಿತು, ಎದ್ದಿತು.

"ಅಮರ್ಯಾ..." ಅಂದ ಹಂಪಯ್ಯ. ಎದ್ದು ಹೋಗಿ ಸ್ವಿಚ್ಚು ಆರಿಸಿದ.

ಮರುದಿನದಿಂದ ಅವನ ಬಲಗೈ ತಣ್ಣಗಾಗತೊಡಗಿತು. ಪ್ರೆಸ್ಸಿನಲ್ಲಿ ಕಾದ ಮುಚ್ಚಳ ಹಿಡಿದರೂ ಬಿಸಿ ಗೊತ್ತಾಗಲಿಲ್ಲ. ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯಿಂದ ಹಸಿ ಮಣ್ಣಿನ ವಾಸನೆ, ಬಾಡಿದ ಪತ್ರೆಯ ವಾಸನೆ. ರೊಟ್ಟಿ ಬಡಿಸುವಾಗ ಗುರುದೇವಿಯ ಕೈ ಅವನ ಕೈಗೆ ತಾಗಿತು.

"ಏನ್ರೀ ಇದು! ಹೆಣದ ಕೈಯಂಗ ಆಗೇತಲ್ರಿ!" ಅಂದವಳು ನಾಲಿಗೆ ಕಚ್ಚಿಕೊಂಡಳು.

ಮೂಲೆಯಲ್ಲಿ ಕೂತಿದ್ದ ಅವನ ತಾಯಿ ಗದಿಗೆಮ್ಮ ತಲೆ ಎತ್ತಿ ನೋಡಿದಳು. ಹಂಪಯ್ಯ ಇನ್ನು ಮುಚ್ಚಿಡಲಾರದೆ ಎಲ್ಲ ಹೇಳಿದ. ಮುದುಕಿ ಎದೆ ಎದೆ ಬಡಿದುಕೊಂಡಳು.

"ಏನ ಮಾಡಿದ್ಯೋ ಯಪ್ಪಾ! ಬದುಕಿದವರು ಮುಟ್ಟಿ ಬಳಸಿದ್ದನ್ನ ಕುಣಿಗೆ ಹಾಕಬಾರದೋ. ಉಟ್ಟ ಬಟ್ಟಿದು ಒಂದು ಎಳಿ ದಾರ ಸೈತ ಹಾಕಬಾರದು. ವಸ್ತು ಹ್ವಾದ ದಾರ್ಯಾಗ ಅದರ ಒಡೆಯಾನೂ ಹೋಗತಾನ."

"ಅಗದು ತಗದರ, ಯವ್ವಾ?"

"ಲಿಂಗೈಕ್ಯ ಆಗಿ ಕುಂತಾವನ್ನ ಎಬ್ಬಸ್ತಿ ಏನು? ಬಾಯಿ ಮುಚ್ಚು!" ಅವನ ತಣ್ಣನೆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆ ಆಟದಾಗ ಅವನ ಜೋಡಿ ಬಾಗಲಾ ದಾಟಬ್ಯಾಡ, ನನ್ನ ಮಗನ. ದಾಟಿದಿ ಅಂದ್ರ ನನಗ ನೀವಿಬ್ಬರೂ ಇಲ್ಲ."

ಹಂಪಯ್ಯ ತಾಯಿಯ ತಲೆ ಮುಟ್ಟಿ ಆಣೆ ಮಾಡಿದ. ಆದರೆ ಮಷೀನಿಗೆ ಆಣೆಯ ಹಂಗೆಲ್ಲಿ? ಕೆಲಸದಿಂದ ಬಂದರೆ ಟೀವಿ ತಾನಾಗಿ ಹತ್ತಿರುತ್ತಿತ್ತು, ಪಂಜಿನವನು ಬಾಗಿಲ ಮುಂದೆ ಕೂತು ಏಳುತ್ತಿದ್ದ. ಗುರುದೇವಿ ವೈರು ಕಿತ್ತಳು, ಹಳೆಯ ಸೀರೆಯೊಂದನ್ನು ತಂದು ಟೀವಿಗೆ ಮುಚ್ಚಿದಳು. ಅವತ್ತು ಮೂವರೂ ಕೂತು ಉಣ್ಣುತ್ತಿರುವಾಗಲೇ ಸೀರೆಯ ಹಿಂದೆ ಬೆಳಕು ಕಾಣಿಸಿಕೊಂಡಿತು. ಮೇಲೇರಿತು, ಕೆಳಗಿಳಿಯಿತು. ಗದಿಗೆಮ್ಮ ತುತ್ತು ಕೆಳಗಿಟ್ಟು ಶಿವ ಶಿವಾ ಎಂದು ಗೋಡೆಯ ಕಡೆ ತಿರುಗಿ ಕೂತಳು.

ಹೆದರಿಕೆ ಹಂಪಯ್ಯನಿಗೂ ಇತ್ತು, ಸುಳ್ಳೇಕೆ? ಆದರೆ ಹೆದರಿಕೆಗಿಂತ ಆಸೆ ದೊಡ್ಡದಿತ್ತು. ಒಡಹುಟ್ಟಿದವನು ಕರೆಯುತ್ತಿದ್ದಾನೆ. ಮುಚ್ಚಳ ಒತ್ತುವಾಗ, ಬಸ್ಸಿನಲ್ಲಿ ನಿಂತಾಗ, ಸ್ನಾನಕ್ಕೆ ನೀರು ಹಾಕಿಕೊಳ್ಳುವಾಗ, ಲಗೂ ಬಾರೋ ಅಣ್ಣಾ ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ತಣ್ಣಗಿನ ಕೈ ಮೊಣಕೈಯವರೆಗೆ ಏರಿತ್ತು.

ಅಮಾವಾಸ್ಯೆ ಬಂತು. ಸಂಜೆಗೆ ಗದಿಗೆಮ್ಮ ಮಠಕ್ಕೆ ಎಣ್ಣೆ ಹಾಕಿಬರಲು ಹೋದಳು. ಹಂಪಯ್ಯ ಸೀರೆ ಸರಿಸಿ, ಚಾಪೆ ಹಾಸಿ, ಕೆಂಪು ರಿಮೋಟು ಹಿಡಿದು ಕೂತ. ಅಡಿಗೆಮನೆಯಿಂದ ಓಡಿಬಂದ ಗುರುದೇವಿ ಹಿಟ್ಟು ಮೆತ್ತಿದ ಕೈಯಿಂದಲೇ ಅವನ ಎಡರಟ್ಟೆ ಹಿಡಿದಳು.

"ಏಳ್ರಿ. ನಿಮ್ಮ ಕಾಲಿಗೆ ಬೀಳತೀನಿ, ಏಳ್ರಿ."

"ಒಂದಽ ಬಾಗಲಾ, ಗುರುದೇವಿ. ಇವತ್ತು ಬಿಟ್ಟರ ಆಟ ಮುಚ್ಚಿ ಹೊಕ್ಕೈತಿ. ಅವ ಒಬ್ಬನಽ ಕತ್ತಲದಾಗ ನಿಂದ್ರತಾನ."

"ಮತ್ತ ನಾನು? ನಾ ಎಲ್ಲಿ ನಿಂದ್ರಬೇಕ್ರಿ?"

ಹಂಪಯ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬೀಗದಕೈಯವನನ್ನು ನಡೆಸಿಕೊಂಡು ಹೋದ. ಪಂಜಿನವನು ಬಸ್ಕಿ ನಿಲ್ಲಿಸಿ ಬಾಗಿಲಿಗೆ ಅಂಗೈ ಒತ್ತಿದ. ಹಂಪಯ್ಯನೂ ಒತ್ತಿಸಿದ. ಆ ಗಳಿಗೆಗೆ ಅವನ ಸತ್ತಂತಿದ್ದ ಬಲಗೈಗೆ ಇನ್ನೊಂದು ಅಂಗೈ ತಾಗಿದ್ದು ತಿಳಿಯಿತು. ತಣ್ಣಗಿತ್ತು, ಲಿಫ್ಟಿನ ಹಗ್ಗ ಎಳೆದು ಎಳೆದು ದಡ್ಡುಗಟ್ಟಿದ ಕೈ. ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದ ಕೈ.

ಬಾಗಿಲು ತೆರೆಯಿತು. ಒಳಗೆ ಏನೂ ಕಾಣದ ಕತ್ತಲು. ಟೀವಿಯೊಳಗಿಂದ ವಿಭೂತಿಯ ವಾಸನೆ ಘಮ್ಮೆಂದು ಬಂತು. ಗುರುದೇವಿಗೂ ಬಂತು, ಅವಳು ಕಿಟಾರನೆ ಚೀರಿ ಅವನ ರಟ್ಟೆಗೆ ಉಗುರು ನೆಟ್ಟಳು. ಇಬ್ಬರೂ ಒಳಗೆ ಹೋಗುವುದೇ ಎಂದು ಪರದೆ ಕೇಳಿತು. ಆ ಪ್ರಶ್ನೆಗೆ ಉತ್ತರ ಕೊಡುವ ಹಕ್ಕು ಎಂದಿನಂತೆ ಒಂದನೇ ರಿಮೋಟಿಗೆ ಮಾತ್ರ.

ಹಂಪಯ್ಯ ನಕ್ಕ. "ಒತ್ತೋ ತಮ್ಮಾ. ಈಗ ನೀನಽ ದೊಡ್ಡಾವ."

ಪಂಜಿನವನು ಅಲುಗಾಡಲಿಲ್ಲ. ಬಸ್ಕಿ ಹೊಡೆಯಲಿಲ್ಲ. ಸುಮ್ಮನೆ ನಿಂತು ಅಣ್ಣನ ಕಡೆ ನೋಡಿದ. ಆಮೇಲೆ ಪರದೆಯ ಮೇಲೆ ಅಕ್ಷರ ಮೂಡಿದವು: ಒಂದನೇ ಆಟಗಾರ ಎರಡನೆಯವನನ್ನು ಆಟದಿಂದ ಹೊರಗೆ ಹಾಕಿದ್ದಾನೆ.

ಹಂಪಯ್ಯನ ಕೈಯೊಳಗಿನ ಕೆಂಪು ಆರಿಹೋಯಿತು. ಬೀಗದಕೈಯವನು ಮಾಯವಾದ. ಪಂಜಿನವನೊಬ್ಬನೇ ಬಾಗಿಲ ಮುಂದೆ ಒಮ್ಮೆ ಕೂತು, ಎದ್ದು, ಒಳಗೆ ನಡೆದ. ಪಂಜಿನ ಬೆಳಕು ಸಣ್ಣದಾಗುತ್ತ ಆಗುತ್ತ ಕತ್ತಲಲ್ಲಿ ಕರಗಿತು. ಬಾಗಿಲು ಮುಚ್ಚಿಕೊಂಡಿತು. ಆಟ ನಿಂತಿದೆ ಎಂದು ಕಂಪನಿಯವರ ಎರಡು ಸಾಲು ಬಂದು ಟೀವಿ ಕಪ್ಪಾಯಿತು.

ಆಗ ಅವನ ಬಲಗೈಗೆ ರಕ್ತ ಹರಿದು ಬಂತು. ಸೂಜಿ ಚುಚ್ಚಿದ ಹಾಗೆ ಉರಿ, ಅಂಗೈ ಕೆಂಡದಂತೆ ಬಿಸಿ. ಎಡರಟ್ಟೆಯ ಮೇಲೆ ಗುರುದೇವಿಯ ಉಗುರು ಮೂಡಿದ ಗಾಯದಲ್ಲಿ ಹಿಟ್ಟು ಮೆತ್ತಿತ್ತು. ಅವಳಿನ್ನೂ ಕೈ ಬಿಟ್ಟಿರಲಿಲ್ಲ. ಮಠದಿಂದ ಬಂದ ಗದಿಗೆಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಏನಾತೋ ಹಂಪಯ್ಯಾ?"

"ಹೊರಗ ಹಾಕಿದ, ಯವ್ವಾ" ಅಂದ ಹಂಪಯ್ಯ. "ಎಷ್ಟ ಬೇಡಕೊಂಡರೂ ಕೇಳಲಿಲ್ಲ. ನಡು ಆಟದಾಗ ನನ್ನ ಹೊರಗ ಹಾಕಿದ." ಮಣ್ಣು ಮಾಡಿದ ದಿನವೂ ಅಳದವನು ಈಗ ತಾಯಿಯ ಮಡಿಲಲ್ಲಿ ತಲೆಯಿಟ್ಟು ಹೋ ಎಂದು ಅತ್ತ.