ಮಚ್ಛೇಂದ್ರ ಕೂಡಿಸಿದ ಮೊದಲ ಜೋಡಿ

ಭಾಲ್ಕಿ ಬಸ್ ನಿಲ್ದಾಣದ ಎದುರು ವಧು-ವರರ ಕೇಂದ್ರ ಇಟ್ಟುಕೊಂಡಿದ್ದ ಮಚ್ಛೇಂದ್ರ ಮಾತಿನಲ್ಲಿ ಮಲ್ಲ. ಆದರೆ ಕೇಂದ್ರ ತೆರೆದು ವರ್ಷಗಳೇ ಕಳೆದರೂ ಅವನ ಕೈಯಿಂದ ಒಂದು ಲಗ್ನವೂ ಕೂಡಿರಲಿಲ್ಲ. ಹೆಂಡತಿ ಸುಮನ ಕಡೆಗೆ ಹೇಳಿಯೇಬಿಟ್ಟಳು: "ಈ ಸಲದ ವಧು-ವರರ ಮೇಳಾವಾದಾಗ ಒಂದಾದ್ರೂ ಜೋಡಿ ಕೂಡಬೇಕು ನೋಡ್ರಿ. ಇಲ್ಲಂದ್ರ ಇದಕ್ಕ ಕೀಲಿ ಹಾಕಿ, ನೌಬಾದದಾಗ ನಮ್ಮಣ್ಣನ ಗೊಬ್ಬರದ ಅಂಗಡ್ಯಾಗ ಕೂಡ್ರಿ."

ಮಚ್ಛೇಂದ್ರ ಅಂದೇ ಕಂಪ್ಯೂಟರಿನ ಮುಂದೆ ಕುಳಿತ.

ಬೀದರ, ಭಾಲ್ಕಿ, ಔರಾದದಿಂದ ಬಂದ ಹೆಸರುಗಳೆಲ್ಲ ಒಂದೇ ಫೈಲಿನಲ್ಲಿದ್ದವು. ನಮ್ಮ ಕಡೆಯ ಜನ ಹುಡುಗಿಯೊಬ್ಬಳ ಹೆಸರು ಬರೆಸಲು ಬಂದರೆ ಅಜ್ಜ, ಅಜ್ಜಿ, ಕಾಕಾ, ಮಾಮಾ ಎಲ್ಲರನ್ನೂ ಫೋಟೊ, ಫೋನ್ ನಂಬರಿನ ಸಮೇತ ಬರೆಸದೆ ಬಿಡುವವರಲ್ಲ. ಫೈಲು ಊದಿ ಆನೆಯಾಗಿತ್ತು. ಸಾಲದ್ದಕ್ಕೆ, ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಮೇಲಿರುವಂತೆ ಇಲ್ಲೂ ಇರಲೆಂದು ಈ ಪುಣ್ಯಾತ್ಮ ವಯಸ್ಸಾದವರನ್ನೇ ಮೊದಲು ಜೋಡಿಸಿಟ್ಟಿದ್ದ.

ಜೋಡಿ ಹುಡುಕಬೇಕಾದದ್ದು ಕಂಪ್ಯೂಟರಿನ ಡೇಟಾಬೇಸು. ಅಷ್ಟು ದೊಡ್ಡ ಫೈಲನ್ನು ಅದೆಲ್ಲಿ ನುಂಗಬೇಕು? ಪ್ರತಿಸಲ ಅರ್ಧಕ್ಕೇ ಕೈಚೆಲ್ಲಿತು. "ಹಿಡಿದಷ್ಟು ಹಿಡೀಲಿ" ಎಂದು ಮಚ್ಛೇಂದ್ರ ಫೈಲಿನ ಮೇಲಿನ ಭಾಗವನ್ನಷ್ಟೇ ಕತ್ತರಿಸಿ ಒಳಗೆ ಹಾಕಿದ. ಜೋಡಿಗಳು ಪಟಪಟನೆ ಹೊಂದಿದವು. ಹೆಸರು ಓದುವ ಗೊಡವೆಗೇ ಹೋಗದೆ ಎಲ್ಲರಿಗೂ ಮೆಸೇಜು ಕಳಿಸಿದ: ನಿಮಗೆ ತಕ್ಕ ಜೋಡಿ ಸಿಕ್ಕಿದೆ, ರವಿವಾರ ಭಾಲ್ಕಿಯ ಮೇಳಾವಾಕ್ಕೆ ಬನ್ನಿ.

ರವಿವಾರ ಕಲ್ಯಾಣ ಮಂಟಪದ ತುಂಬ ರುಮಾಲು, ಊರುಗೋಲು, ಬೊಚ್ಚುಬಾಯಿ! ಒಬ್ಬ ಅಜ್ಜಿಯಂತೂ ಹೊಸ ಜೋಡಿ ಹೇಗಿದೆ ನೋಡೋಣವೆಂದು ಗಂಡನನ್ನು ಕರೆದುಕೊಂಡೇ ಬಂದಿದ್ದಳು.

"ಮೊಮ್ಮಗಳ ಲಗ್ನ ಬಿಟ್ಟು ನಂದ ಹಚ್ಚೀರೇನು?" ಔರಾದದ ಕಾಂತಾಬಾಯಿ ಸೆರಗು ಸಿಕ್ಕಿಸಿಕೊಂಡು ಬಂದಳು. ಗಂಡ ತೀರಿಹೋಗಿ ಬಹಳ ವರ್ಷವಾದ ಮುದುಕಿ.

"ತಪ್ಪಾಗ್ಯಾದರಿ ಆಯಿ, ಮಾಫ್ ಮಾಡ್ರಿ." ಮಚ್ಛೇಂದ್ರನ ಮೂಗಿಗೆ ಆಗಲೇ ಗೊಬ್ಬರದ ವಾಸನೆ ಬಡಿದಿತ್ತು.

"ಮಾಫಿ ಆಮ್ಯಾಲೆ. ಆ ಮನಷ್ಯಾ ಬಂದಾನೇನು?"

ಬಂದಿದ್ದ. ಖಟಕ ಚಿಂಚೋಳಿಯ ಶಿವರಾಜಪ್ಪ, ಹೆಂಡತಿಯನ್ನು ಕಳೆದುಕೊಂಡವನು, ಇಸ್ತ್ರಿ ಮಾಡಿದ ಧೋತರ ಉಟ್ಟು ಮೂಲೆಯಲ್ಲಿ ನಾಚಿ ಕುಳಿತಿದ್ದ. ಕಾಂತಾಬಾಯಿ ಅವನೆದುರು ಕುರ್ಚಿ ಎಳೆದುಕೊಂಡಳು.

"ಮೊದಲ ಹೇಳ್ತೇನಿ, ನಾ ಗೊರಕಿ ಭಾಳ ಹೊಡಿತೇನಿ."

"ಏನಂದ್ರಿ?" ಶಿವರಾಜಪ್ಪ ಕಿವಿಗೆ ಕೈ ಹಚ್ಚಿದ. "ಜರಾ ಜೋರಲೆ ಹೇಳ್ರಿ. ನಂಗ ಕಿವಿ ಕೇಳಂಗಿಲ್ಲ."

ಮುದುಕಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಮಚ್ಛೇಂದ್ರನತ್ತ ತಿರುಗಿ, "ತಾರೀಖ ತೆಗಸ್ರಿ" ಎಂದಳು.

ಸಂತೋಷಕ್ಕೆ ಮಚ್ಛೇಂದ್ರನ ಕಣ್ಣು ತುಂಬಿ ಬಂತು. ಅಲ್ಲಿಂದಲೇ ಮನೆಗೆ ಫೋನು ಹಚ್ಚಿದ. "ಸುಮನ, ಒಂದು ಜೋಡಿ ಕೂಡ್ತು!"

"ಹೌದೇನ್ರಿ! ಹುಡುಗ ಏನ್ ಮಾಡ್ತಾನ?"

ಮಚ್ಛೇಂದ್ರ ಶಿವರಾಜಪ್ಪನ ಕಡೆ ನೋಡಿದ. "ರಿಟೈರ್ ಆಗ್ಯಾನ."