ಅಣ್ಣನ ಎದೆಯಲ್ಲೊಂದು ಚುಕ್ಕಿ

“ತಂಗೀ, ಎದೆಗೆ ಸ್ಕ್ಯಾನ್ ಮಾಡಿಸ್ಬೇಕು. ಡಾಕ್ಟರ ಹತ್ರ ನೀನೂ ಬಾ. ನಿಂಗೆ ಇಂಗ್ಲಿಷ್ ಬತ್ತದಲ್ಲ!”

ಫೋನಿನಲ್ಲಿ ಅಣ್ಣ ಹೀಗಂದಾಗ ಕೂತಲ್ಲಿಂದ ಎದ್ದು ನಿಂತೆ. ಮೂವತ್ತು ವರ್ಷ ಹೊನ್ನಾವರ–ಭಟ್ಕಳ ಟೆಂಪೋ ಓಡಿಸುತ್ತ ಬೀಡಿ ಎಳೆದವನು. “ಕೆಮ್ಮಾ? ರಕ್ತವಾ?” ಅಂತ ಕೇಳಿದೆ.

“ಎಂತದೂ ಇಲ್ಲ ಮಾರಾಯ್ತಿ. ಕುಮಟೆಯ ದೋಸ್ತ ಮಂಗಳೂರಲ್ಲಿ ಮಾಡಿಸ್ಕಂಡು ಬಂದ. ಕ್ಲೀನ್ ಅಂತೆ. ಈಗ ಆರಾಮಾಗಿ ಸೇದ್ತಾ ಇದ್ದ.”

ಅರ್ಥವಾಯಿತು. ಅಣ್ಣನಿಗೆ ಬೇಕಿದ್ದದ್ದು ಸ್ಕ್ಯಾನ್ ಅಲ್ಲ, ಬೀಡಿ ಸೇದುವ ಲೈಸೆನ್ಸಿನ ರಿನ್ಯೂವಲ್!

ಅಣ್ಣ, ಅತ್ತಿಗೆ, ನಾನು ಹೊನ್ನಾವರದ ಡಾಕ್ಟರಮ್ಮನ ಎದುರು ಕೂತೆವು. ಅವರು ಚೆಂದದ ಕನ್ನಡದಲ್ಲೇ ಶುರುಮಾಡಿದರು. (ನನ್ನ ಇಂಗ್ಲಿಷ್ ದಂಡ.)

“ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದ್ದು, ಬೇಗ ಸಿಕ್ಕಿದ್ರೆ ಆಪರೇಷನ್ ಮಾಡಿ ಉಳಿಸಬಹುದು. ಆದ್ರೆ ಸ್ಕ್ಯಾನಿನಲ್ಲಿ ಸಣ್ಣ ಚುಕ್ಕಿಯೂ ಕಾಣ್ತದೆ. ಅದು ಬರೀ ಹಳೇ ಗಾಯದ ಕಲೆಯೂ ಆಗಿರಬಹುದು. ಗೊತ್ತಾಗಬೇಕಂದ್ರೆ ಮತ್ತೆ ಸ್ಕ್ಯಾನ್, ಒಮ್ಮೊಮ್ಮೆ ಸೂಜಿ ಚುಚ್ಚಿ ನೋಡೂದು. ಇದ್ರಿಂದ ಎಷ್ಟು ಜನ ಉಳೀತಾರೆ ಅಂತ ದೊಡ್ಡ ಡಾಕ್ಟರುಗಳೇ ಇನ್ನೂ ಚರ್ಚೆ ಮಾಡ್ತಾ ಇದ್ದಾರೆ.”

“ಎಂತದೂ ಕಾಣದಿದ್ರೆ?” ಅಣ್ಣ ಕೇಳಿದ.

“ಇವತ್ತು ಕಾಣಲಿಲ್ಲ ಅಂತ ಅಷ್ಟೇ. ನಾಳೆಗೆ ಗ್ಯಾರಂಟಿ ಇಲ್ಲ.”

ಅತ್ತಿಗೆ ಮೆಲ್ಲಗೆ ಬಾಯಿಬಿಟ್ಟಳು. “ಕ್ಲೀನ್ ಬಂದ್ರೆ ಇವ್ರು ಸೇದ್ಬಹುದಾ?”

“ಸ್ಕ್ಯಾನ್ ಮಾಡಿಸಿದ್ರೂ ಬಿಡ್ಬೇಕು, ಮಾಡಿಸದಿದ್ರೂ ಬಿಡ್ಬೇಕು.”

ಅತ್ತಿಗೆಯ ಮುಖದಲ್ಲಿ ಹಬ್ಬ. ಅಣ್ಣನ ಮುಖ ನೋಡುವ ಹಾಗಿರಲಿಲ್ಲ.

“ಹಂಗಾರೆ ನೀವೇ ಹೇಳಿ. ಮಾಡಿಸ್ಬೇಕಾ, ಬೇಡ್ವಾ?”

“ಚುಕ್ಕಿ ಕಂಡ್ರೆ ತಿಂಗಳುಗಟ್ಟಲೆ ಕಾಯೂಕೆ ಆಗ್ತದಾ? ಆಪರೇಷನ್ ಅಂದ್ರೆ ತಯಾರಿದ್ದೀರಾ? ಮನೇಲಿ ಮಾತಾಡಿ ಬನ್ನಿ.”

ಹೊರಗೆ ಬಂದವನೇ ಅಣ್ಣ ಸಿಡುಕಿದ. “ಎಂತ ಡಾಕ್ಟರು? ನಮ್ಮನ್ನೇ ಕೇಳ್ತಾರೆ!”

ಎಂಟು ದಿನ ಗಂಡಹೆಂಡಿರ ನಡುವೆ ಅದೇ ಮಾತು. ಒಂಬತ್ತನೇ ದಿನ ಅಣ್ಣನ ಫೋನು. “ಆತು. ಮಾಡಿಸ್ತೆ. ಇದ್ರೆ ಈಗ್ಲೇ ಗೊತ್ತಾಗ್ಲಿ.”

ಮಾಡಿಸಿದ. ಚುಕ್ಕಿ ಕಂಡಿತು!

ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು ಡಾಕ್ಟರಮ್ಮ. ನಾನು ಗಾಬರಿ. ಅಣ್ಣನೇ ನನಗೆ ಸಮಾಧಾನ ಹೇಳಿದ. “ಹೀಗಾಗ್ಬಹುದು ಅಂತ ಮೊದ್ಲೇ ಹೇಳಿದ್ರಲ್ಲೆ?” ಮರುದಿನವೇ ಬೀಡಿ ಬಿಟ್ಟ. ಲವಂಗ ಜಗಿಯುತ್ತ ಮನೆಯವರ ಮೇಲೆಲ್ಲ ಹಾರಾಡಿದ, ಆದರೆ ಮತ್ತೆ ಮುಟ್ಟಲಿಲ್ಲ.

ಒಂದು ಸಂಜೆ ಪಕ್ಕದ ಕಾಸರಕೋಡಿನ ಕಡಲ ದಂಡೆಯಲ್ಲಿ ದೋಣಿಗಳನ್ನು ನೋಡುತ್ತ ಕೇಳಿದ, “ಎಂತಾದ್ರೂ ಆದ್ರೆ ನಿನ್ನ ಅತ್ತಿಗೆಯನ್ನ ನೋಡ್ಕಂತ್ಯಲ್ಲ?” ಬೈದು ಬಾಯಿ ಮುಚ್ಚಿಸಿದೆ. ನನ್ನ ಕಣ್ಣೀರು ಅಡಗಿಸಲಿಕ್ಕೆ ಬೇರೆ ಉಪಾಯವಿರಲಿಲ್ಲ.

ಮೂರು ತಿಂಗಳ ಮೇಲೆ ನೋಡಿದರೆ ಚುಕ್ಕಿ ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು. ಹಳೇ ಕಲೆಯೇ ಇರಬೇಕು, ಆದರೂ ಇನ್ನೊಮ್ಮೆ ನೋಡೋಣ ಎಂದರು. ಅತ್ತಿಗೆ ಕೈಮುಗಿಯಲು ಇಡಗುಂಜಿಯ ದೇವಸ್ಥಾನಕ್ಕೆ ಓಡಿದಳು.

ಮೊದಲೇ ಎಲ್ಲ ಕೇಳಿ ತಿಳಿದದ್ದಕ್ಕೇ ಅಣ್ಣ ಆ ಮೂರು ತಿಂಗಳು ಕಾದ. ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತದಾ, ಕುಗ್ಗುತ್ತದಾ ಅಂತ ಅಂಗಡಿಯವನ ಜೀವ ಹಿಂಡುವ ನಾವು, ಡಾಕ್ಟರ ಎದುರು ಮಾತ್ರ ಯಾಕೆ “ನೀವು ಹೇಳಿದ ಹಾಗೆ” ಅಂದುಬಿಡುತ್ತೇವೆ?